ಶ್ವಾಸಕೋಶ ಬೆಳೆಯುವಾಗ ಪ್ರೋಟೀನ್ ಹೇಗೆ ಬದಲಾಗುತ್ತದೆ: ಗ್ರಾಫ್ ಓದುವ ಬಗೆ

ಧಾರವಾಡದಲ್ಲಿ ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಓದುತ್ತಾ ಸೆಮಿನಾರಿಗೆ ಈ ವಿಷಯ ತಗೊಂಡಿದ್ದೀರಾ? ಹಾಗಾದರೆ ಪ್ರೋಟೀನ್ ಹೆಸರುಗಳ ಬೆನ್ನು ಹತ್ತಬೇಡಿ. ಮೊದಲು ಗ್ರಾಫಿನ ಅಡಿಗೆರೆಯಲ್ಲಿರುವ ವಯಸ್ಸು ನೋಡಿ.

ಇಂಥ ಗ್ರಾಫ್‌ಗಳು ಬಹಳಷ್ಟು ಇಲಿಮರಿಗಳದ್ದು. ಮನುಷ್ಯರಲ್ಲಿ ಗರ್ಭದ ಸುಮಾರು 4ನೇ ವಾರಕ್ಕೆ ಶ್ವಾಸಕೋಶದ ಮೊಗ್ಗು ಮೂಡುತ್ತದೆ, 17ನೇ ವಾರದವರೆಗೆ ಕೊಳವೆಗಳು ಕವಲೊಡೆಯುತ್ತಾ ಹೋಗುತ್ತವೆ, ಆಮೇಲೆ ರಕ್ತನಾಳಗಳು ಹತ್ತಿರ ಬರುತ್ತವೆ, 24ರಿಂದ 36ನೇ ವಾರದೊಳಗೆ ಕೊಳವೆಗಳ ತುದಿಗಳು ಚೀಲಗಳಾಗುತ್ತವೆ, ಗಾಳಿಗೂಡು (ಆಲ್ವಿಯೋಲಸ್) ಕೊನೆಗೆ. ಇಲಿಮರಿ ಹುಟ್ಟುವುದೇ ಆ ಚೀಲದ ಹಂತದಲ್ಲಿ. ಅಂದರೆ ಅದರ ಹುಟ್ಟಿದ ದಿನವನ್ನು ತಿಂಗಳು ತುಂಬದ ಕೂಸಿಗೆ ಹೋಲಿಸಬೇಕು. ಪ್ರತಿ ದಿನದ ಕೆಳಗೆ ಪೆನ್ಸಿಲಿನಲ್ಲಿ ಹಂತದ ಹೆಸರು ಬರೆದುಕೊಳ್ಳಿ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಶುರುವಿನಲ್ಲಿ ಕೋಶ ವಿಭಜನೆಗೆ ಬೇಕಾದ ಪ್ರೋಟೀನ್‌ಗಳು ಜಾಸ್ತಿ, ಮುಂದೆ ಇಳಿಯುತ್ತವೆ. ಕೊನೆಯಲ್ಲಿ ಸರ್ಫ್ಯಾಕ್ಟಂಟ್, ಅಂದರೆ ಗಾಳಿಗೂಡಿನ ಒಳಮೈಗೆ ಹರಡಿರುವ ಕೊಬ್ಬು-ಪ್ರೋಟೀನ್ ಲೇಪ, ಅದರ ಪ್ರೋಟೀನ್‌ಗಳು ಏರುತ್ತವೆ.

ಇವುಗಳಲ್ಲಿ ಸರ್ಫ್ಯಾಕ್ಟಂಟ್ ಪ್ರೋಟೀನ್ ಬಿ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಕೋಶ ಅದನ್ನು ಸುಮಾರು 40 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ದೊಡ್ಡ ರೂಪದಲ್ಲಿ ತಯಾರಿಸಿ, ಕತ್ತರಿಸಿ ಕತ್ತರಿಸಿ ಸುಮಾರು 8ಕ್ಕೆ ಇಳಿಸುತ್ತದೆ. ಕೊಬ್ಬಿನ ಜೊತೆ ಸೇರಿ ಗಾಳಿಗೂಡು ಮುಚ್ಚಿಕೊಳ್ಳದಂತೆ ತಡೆಯುವುದು ಈ ಸಣ್ಣ ರೂಪ. ಹಾಗಾಗಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಬೇಕಾದ್ದನ್ನು ಪಟ್ಟೆಯಾಗಿ ತೋರಿಸುವ ಪರೀಕ್ಷೆ) ಕಂಡರೆ ಬ್ಯಾಂಡ್ ಯಾವ ತೂಕದಲ್ಲಿದೆ ಎಂದು ನೋಡಲೇಬೇಕು. ದೊಡ್ಡದು ಇದೆ, ಸಣ್ಣದು ಇಲ್ಲ ಅಂದರೆ ಶ್ವಾಸಕೋಶ ಇನ್ನೂ ತಯಾರಾಗಿಲ್ಲ. ಇದು ಸುಮ್ನೆ ಪರೀಕ್ಷೆಗೆ ಓದುವ ಮಾತಲ್ಲ. ಹುಬ್ಬಳ್ಳಿಯ ಎನ್‌ಐಸಿಯುಗಳಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ) 28-30 ವಾರಕ್ಕೇ ಹುಟ್ಟಿದ ಕೂಸು ಉಸಿರಿಗೆ ಒದ್ದಾಡುವುದಕ್ಕೆ ಮುಖ್ಯ ಕಾರಣ ಸರ್ಫ್ಯಾಕ್ಟಂಟ್ ಸಾಲದಿರುವುದು. ಬೇಗ ಹೆರಿಗೆಯಾಗುವ ಲಕ್ಷಣ ಕಂಡರೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದೂ ಇದನ್ನು ಬೇಗ ಏರಿಸಲಿಕ್ಕೇ. ಇನ್ನೊಂದು ಸರ್ಫ್ಯಾಕ್ಟಂಟ್ ಪ್ರೋಟೀನ್ ಆದ ಸಿ ತೀರಾ ಸಣ್ಣದು, ಎಣ್ಣೆಯ ಗುಣದ್ದು, ಪ್ರೋಟೀನ್ ಚೂರುಗಳನ್ನು ತೂಕದಿಂದ ಗುರುತಿಸಿ ಪಟ್ಟಿ ಮಾಡುವ ಮಾಸ್ ಸ್ಪೆಕ್ಟ್ರೋಮೀಟರಿನಿಂದ ತಪ್ಪಿಸಿಕೊಳ್ಳುತ್ತದೆ. ಪಟ್ಟಿಯಲ್ಲಿ ಇಲ್ಲ ಎಂದು ಶ್ವಾಸಕೋಶದಲ್ಲೇ ಇಲ್ಲ ಅನ್ನಬೇಡಿ.

ಆರ್‌ಎನ್‌ಎ (ಪ್ರೋಟೀನ್ ಕಟ್ಟಲು ಕೋಶ ಬಳಸುವ ಸಂದೇಶ) ಗ್ರಾಫ್ ನೋಡಿ ಪ್ರೋಟೀನ್ ಊಹಿಸುವುದೂ ಬೇಡ. ಶ್ವಾಸಕೋಶಕ್ಕೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ತಗೊಳ್ಳಿ: ಗಾಳಿಗೂಡು ಕಟ್ಟುವಾಗ ಅದರ ಆರ್‌ಎನ್‌ಎ ಮೇಲೇರಿ ಆಮೇಲೆ ಬಿದ್ದುಹೋಗುತ್ತದೆ, ಆದರೆ ಆಗ ನೇಯ್ದ ನಾರು ದಶಕಗಟ್ಟಲೆ ಉಳಿಯುತ್ತದೆ.

ಏರಿಕೆ ಕಂಡಾಗ ಇನ್ನೊಂದು ಪ್ರಶ್ನೆ ಕೇಳಿ: ಪ್ರತಿ ಕೋಶ ಜಾಸ್ತಿ ತಯಾರಿಸುತ್ತಿದೆಯಾ, ಆ ಬಗೆಯ ಕೋಶಗಳೇ ಜಾಸ್ತಿಯಾದವಾ? ಇಡೀ ಶ್ವಾಸಕೋಶ ಅರೆದ ಸ್ಯಾಂಪಲ್ ಇದನ್ನು ಹೇಳಲಾರದು. ರಕ್ತದ ಪ್ರೋಟೀನ್‌ಗಳಾದ ಹಿಮೋಗ್ಲೋಬಿನ್, ಅಲ್ಬುಮಿನ್ ಎರಡೂ ಒಟ್ಟಿಗೆ ಏರಿದ್ದರೆ ಸ್ಯಾಂಪಲ್‌ನಲ್ಲಿ ಉಳಿದುಕೊಂಡ ರಕ್ತದ ಮೇಲೆ ಅನುಮಾನ ಪಡಿ, ಅಂಗವನ್ನು ತೊಳೆದು ತೆಗೆದಿದ್ದಾರಾ ಎಂದು ವಿಧಾನದ ಭಾಗದಲ್ಲಿ ಹುಡುಕಿ.