ಎಫ್‌ಎಂ ಸಿಗುತ್ತಿಲ್ಲವೇ? ಮೊದಲು ಗುಡ್ಡ ನೋಡಿ

ಸಮುದಾಯ ರೇಡಿಯೋ ಕೇಂದ್ರ ಪಕ್ಕದೂರಲ್ಲೇ ಇದ್ದರೂ ಬರೀ ಗೊರಗೊರ ಅಂತೀರಾ? ತಪ್ಪು ನಿಮ್ಮ ಸೆಟ್ಟಿನದೇ ಆಗಬೇಕಿಲ್ಲ. ಈ ಕೇಂದ್ರಗಳಿಗೆ ಸಾಮಾನ್ಯವಾಗಿ 100 ವಾಟ್ ಇಆರ್‌ಪಿ (ಅಂದರೆ ಆಂಟೆನಾದಿಂದ ಹೊರಡುವ ಪ್ರಸಾರದ ಬಲ), 30 ಮೀಟರ್ ಕಂಬದ ಮಿತಿ. ಬಯಲಾದರೆ 10-15 ಕಿ.ಮೀ. ಸಿಗುತ್ತದೆ. ನಡುವೆ ಗುಡ್ಡ ಬಂತೋ, ಅಲ್ಲಿಗೇ ಮುಗಿಯಬಹುದು. ಎಫ್‌ಎಂ ಅಲೆ ಹೆಚ್ಚುಕಮ್ಮಿ ನೇರ ಹೋಗುತ್ತದೆ. ಮಲೆನಾಡಿನವರಿಗೆ ಇದು ಗೊತ್ತೇ ಇದೆ ಅಲ್ವಾ!

ಸೆಟ್ಟನ್ನು ಕೇಂದ್ರದ ಕಡೆಯ ಕಿಟಕಿ ಹತ್ತಿರ ಇಡಿ. ಆಂಟೆನಾ ಪೂರ್ತಿ ಎಳೆದು, ನಿಲ್ಲಿಸಿ, ಮಲಗಿಸಿ ನೋಡಿ. ಮೊಬೈಲಿನಲ್ಲಾದರೆ ಇಯರ್‌ಫೋನ್ ವಯರೇ ಆಂಟೆನಾ, ಸುತ್ತಿಡಬೇಡಿ. ಸ್ಟೀರಿಯೋ ಬಿಟ್ಟು ಮೋನೋಗೆ ಹಾಕಿದರೆ ಗೊರಗೊರ ಎಷ್ಟೋ ಕಮ್ಮಿಯಾಗುತ್ತದೆ.

ಮೀಡಿಯಂ ವೇವ್‌ಗೆ (ಸೆಟ್ಟಿನ ಎಎಂ ಬ್ಯಾಂಡ್) ಮಾತ್ರ ಕಡ್ಡಿ ಎಳೆಯುವುದು ಸುಮ್ನೆ ದಂಡ. ಅದರ ಆಂಟೆನಾ ಸೆಟ್ಟಿನ ಒಳಗೇ ಇರುತ್ತದೆ, ರೇಡಿಯೋವನ್ನೇ ತಿರುಗಿಸಿ. ಹತ್ತಿರದ ಎಲ್‌ಇಡಿ ಬಲ್ಬನ್ನೂ ಒಮ್ಮೆ ಆರಿಸಿ ನೋಡಿ, ಗೊರಗೊರ ಅದರಿಂದಲೂ ಬರಬಹುದು.