ಬಂಡವಾಳಕ್ಕೆ ಮೊದಲು ರೇಷನ್

ಪುಣೆಯ ವಾರ್ಜೆ ಕಡೆ ಯಾದಗಿರಿ, ಕಲಬುರಗಿ, ವಿಜಯಪುರದಿಂದ ಬಂದ ಕೂಲಿಕಾರರ ಮನೆಗಳಿವೆ. ಬೆಳಿಗ್ಗೆ ನಾಕಾದಲ್ಲಿ ನಿಂತು ಕೆಲಸ ಹುಡುಕುವ ಮಂದಿ. ಅವರಲ್ಲೂ ತೀರಾ ಬಡವರ ಜೊತೆ ನಾವು ಕೆಲವರು ಸೇರಿ ಕೆಲಸ ಮಾಡುತ್ತೇವೆ.

ಅಂಥ ಮನೆ ಹುಡುಕುವುದೇ ಕಷ್ಟ. ಸಭೆ ಕರೆದರೆ ಅವರು ಬರುವುದಿಲ್ಲ. ಭಿಶಿಗೆ, ಅಂದರೆ ಹೆಂಗಸರು ಸೇರಿ ನಡೆಸುವ ಚೀಟಿಗೆ, ದುಡ್ಡು ಕಟ್ಟಲಾಗದವಳು ಹೆಂಗಸರ ಗುಂಪಿನ ಹತ್ತಿರವೂ ಸುಳಿಯುವುದಿಲ್ಲ. ಅದಕ್ಕೇ ನಾನು ಕಿರಾಣಿ ಅಂಗಡಿಯಲ್ಲಿ ಕೇಳುತ್ತೇನೆ: ಉದ್ರಿ ಯಾರಿಗೆ ಕೊಡಲ್ಲ? ನನ್ನ ಪಟ್ಟಿ ಆ ಹೆಸರುಗಳಿಂದ ಶುರು.

ಇಂಥ ಮನೆಗಳನ್ನು ಸ್ವಂತ ದುಡಿಮೆಯ ಮೇಲೆ ನಿಲ್ಲಿಸಲು ನಾವು ಹಿಡಿದ ದಾರಿ ನಮ್ಮದಲ್ಲ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಶುರು ಮಾಡಿದ್ದು. ಆಡು, ಹಸುವಿನಂಥ ಒಂದು ಆಸ್ತಿ, ಕೆಲವು ತಿಂಗಳು ಊಟದ ಖರ್ಚು, ತರಬೇತಿ, ಉಳಿತಾಯ, ಮನೆಭೇಟಿ, ಎಲ್ಲವೂ ಒಟ್ಟಿಗೆ, ಸುಮಾರು ಎರಡು ವರ್ಷ. ಭಾರತವೂ ಸೇರಿ ಆರು ದೇಶಗಳ 10,000ಕ್ಕೂ ಹೆಚ್ಚು ಮನೆಗಳ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನೆರವು ನಿಂತು ಒಂದು ವರ್ಷವಾದ ಮೇಲೂ ಹೆಚ್ಚಿನ ಕಡೆ ನೆರವು ಪಡೆದ ಮನೆಗಳು ಪಡೆಯದ ಬಡ ಮನೆಗಳಿಗಿಂತ ಚೆನ್ನಾಗಿದ್ದವು. ಹೊಂಡುರಾಸ್‌ನಲ್ಲಿ ಮಾತ್ರ ಕೊಟ್ಟ ಕೋಳಿಗಳು ಬಹಳಷ್ಟು ರೋಗ ಬಂದು ಸತ್ತವು.

ಪುಣೆಯಲ್ಲಿ ಆಡು ಎಲ್ಲಿ ಕಟ್ಟುವುದು? ನಮ್ಮ ಹೆಂಗಸರಿಗೆ ಕೈಗೆ ಬಂದ ಕೆಲಸ ಜೋಳದ ರೊಟ್ಟಿ. ಗಂಡನಿಲ್ಲದ, ಎರಡು ಮಕ್ಕಳ ಒಬ್ಬ ತಾಯಿಗೆ ಹಂಚು, ಗ್ಯಾಸ್, ಒಂದು ಚೀಲ ಜೋಳ ಕೊಡೋಣ ಅಂತ ಮಾತಾಯಿತು. ಅವರು ನೇರವಾಗಿ ಕೇಳಿದರು: "ಮನ್ಯಾಗ ಹಿಟ್ಟಿಲ್ಲದಾಗ ಮಾರಾಕ ರೊಟ್ಟಿ ಹ್ಯಾಂಗ್ ಬಡೀಲ್ರಿ ಅಕ್ಕಾರ?"

ಸರಿಯಾದ ಪ್ರಶ್ನೆ. ಹಸಿದ ಮನೆಯಲ್ಲಿ ವ್ಯಾಪಾರದ ಜೋಳ ಉಳಿಯುವುದಿಲ್ಲ. ಉಳಿಯಲೂಬಾರದು, ಮಕ್ಕಳು ಉಣ್ಣಲೇಬೇಕು ಅಲ್ವಾ? ಹಾಗಾಗಿ ಮೊದಲು ರೇಷನ್ ಹಿಡಿದೆವು. ಕರ್ನಾಟಕದ ಬಿಪಿಎಲ್ ಕಾರ್ಡಿಗೆ ಆಧಾರ್ ಜೋಡಿಸಿದ್ದರೆ ಪುಣೆಯ ರೇಷನ್ ಅಂಗಡಿಯಲ್ಲೂ ಧಾನ್ಯ ಸಿಗುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಒಬ್ಬರಿಗೆ ತಿಂಗಳಿಗೆ 5 ಕಿಲೋ. ಆದರೆ ಅಂಗಡಿಗೆ ಜೊತೆಗೆ ಹೋಗಬೇಕು. ಸುಮ್ನೆ ಚೀಟಿ ಬರೆದು ಕಳಿಸಿದರೆ ಆಗಲ್ಲ. ಭಾಷೆ ಬಾರದವರನ್ನು ವಾಪಸ್ ಕಳಿಸುತ್ತಾರೆ. ಸಿಮೆಂಟಿನಲ್ಲಿ ಸವೆದ ಬೆರಳ ಅಚ್ಚನ್ನು ಯಂತ್ರ ಹಿಡಿಯುವುದಿಲ್ಲ.

ಎಣ್ಣೆ, ಬೇಳೆ, ತರಕಾರಿಗೆ ವಾರದ ಹಣ ನಾವು ಕೊಟ್ಟೆವು. ಜೋಳದ ಚೀಲ ಬಂದದ್ದು ಅದರ ನಂತರ. ಪ್ರತಿ ವಾರ ಹೋಗಿ ಕೂತು ಜೋಳ, ಗಿರಣಿ, ಗ್ಯಾಸಿನ ಲೆಕ್ಕ ಹಾಕುತ್ತಿದ್ದೆವು. ಆದರೂ ನಾನು ಮೊದಲು ಕೇಳುತ್ತಿದ್ದದ್ದು ಮಕ್ಕಳ ಆರೋಗ್ಯ. ಮನೆ ಮತ್ತೆ ಕುಸಿಯುವುದು ಜಾಸ್ತಿ ಅಲ್ಲೇ. ಮಗುವಿಗೆ ಜ್ವರ ಬಂತು ಅಂದರೆ ಕೂಲಿಗೆ ಕರೆದೊಯ್ಯುವ ಮುಕಾದಮನ ಹತ್ತಿರ ಮುಂಗಡ, ಆಮೇಲೆ ಅವನು ಹೇಳಿದ ಕೂಲಿಗೆ ದುಡಿತ.

ಈಗ ಆ ತಾಯಿಯ ಖಟಕ ರೊಟ್ಟಿ, ಶೇಂಗಾ ಚಟ್ನಿ ಹತ್ತಿರದ ಮೆಸ್ಸಿಗೆ ಹೋಗುತ್ತದೆ. ಅಂಚೆ ಕಚೇರಿಯಲ್ಲಿ ಖಾತೆ ಇದೆ.

ದಾನಿಗಳು ನನ್ನನ್ನು ಕೇಳುವುದುಂಟು, ಊಟದ ಹಣ ಬಿಟ್ಟರೆ ಇನ್ನಷ್ಟು ಮನೆಗಳಿಗೆ ಹಂಚು, ಗ್ಯಾಸ್ ಕೊಡಬಹುದಲ್ಲ ಅಂತ. ದುಡ್ಡು ಸಾಲದಿದ್ದಾಗ ನಾನು ಮನೆಗಳ ಸಂಖ್ಯೆ ಇಳಿಸುತ್ತೇನೆ. ಊಟದ ಹಣ ಮುಟ್ಟುವುದಿಲ್ಲ.