ಆಷಾಢದಲ್ಲಿ ಮನೆಯೊಳಗೇ ಕ್ಯಾಮೆರಾ

ಮದುವೆ ಫೋಟೋ ತೆಗೆದು ಬದುಕುವವರಿಗೆ ಆಷಾಢ ಅಂದರೆ ಕೈಕಟ್ಟಿ ಕೂರುವ ತಿಂಗಳು. ಮುಹೂರ್ತವೇ ಇರುವುದಿಲ್ಲ. ಅದರ ಮೇಲೆ ನಾನಿರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ಕಡೆ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಧರೆ ಕುಸಿದು ರಸ್ತೆ ಮುಚ್ಚಿದರೆ, ಮರ ಬಿದ್ದು ಕರೆಂಟು ಹೋದರೆ ಮನೆಯೇ ಗತಿ. "ಮಳೆಗಾಲದಲ್ಲಿ ನಿಮ್ಮೂರಲ್ಲಿ ಎಷ್ಟು ಚೆಂದದ ಫೋಟೋ ಸಿಗುತ್ತೆ ಅಲ್ವಾ" ಅನ್ನುತ್ತಾರೆ ಬೆಂಗಳೂರಿನ ಗೆಳೆಯರು. ಜಡಿಮಳೆ ಹಿಡಿದರೆ ಎದುರಿನ ಗುಡ್ಡವೇ ಕಾಣುವುದಿಲ್ಲ ಅಂತ ಅವರಿಗೆ ಹೇಗೆ ಹೇಳುವುದು?

ಮನೆಯಲ್ಲಿ ಕೂತು 'ಏನನ್ನು ತೆಗೆಯಲಿ' ಅಂತ ಯೋಚಿಸಿದರೆ ದಿನ ಹಾಳು. ನಾನು ಅದನ್ನು ಬಿಟ್ಟಿದ್ದೇನೆ. ಬೆಳಕು ಎಲ್ಲಿದೆ ಅಂತ ಮೊದಲು ನೋಡುತ್ತೇನೆ. ಆಮೇಲೆ ಕೈಗೆ ಸಿಕ್ಕಿದ್ದನ್ನು ಅಲ್ಲಿಗೆ ಒಯ್ಯುತ್ತೇನೆ.

ನಮ್ಮದು ಹಂಚಿನ ಮನೆ. ಅಡುಗೆಮನೆಯ ಮಾಡಿನಲ್ಲಿ ಒಂದು ಗಾಜಿನ ಹಂಚಿದೆ. ಮೋಡದ ದಿನ ಅದರಿಂದ ಇಳಿಯುವ ಬೆಳಕು ಎಷ್ಟು ಮೆತ್ತಗಿರುತ್ತದೆ ಅಂದರೆ, ಬೆಳಕು ಮೆತ್ತಗಾಗಿಸಲು ದುಡ್ಡು ಕೊಟ್ಟು ತಂದ ಸಾಫ್ಟ್‌ಬಾಕ್ಸ್ ಮೂಲೆ ಸೇರಿದೆ. ಹಂಚಿನ ಕೆಳಗೆ ಒಂದು ಸ್ಟೂಲು, ಅದರ ಹಿಂದೆ ಕರಿಕಂಬಳಿ. ಉಣ್ಣೆ ಬೆಳಕನ್ನು ಹೀರಿಕೊಳ್ಳುತ್ತದೆ, ಹಿನ್ನೆಲೆ ಪೂರ್ತಿ ಕಪ್ಪಾಗುತ್ತದೆ. ನೆರಳು ಜಾಸ್ತಿಯಾದ ಬದಿಗೆ ಅಪ್ಪನ ಬಿಳಿ ಪಂಚೆ ಹಿಡಿದರೆ ಮುಗಿಯಿತು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400, ಎಫ್/8 (ಲೆನ್ಸಿನ ಕಿಂಡಿಯ ಅಳತೆ), ಶಟರ್ ತೆರೆದಿರುವುದು ಸುಮಾರು ಅರ್ಧ ಸೆಕೆಂಡು, ಟ್ರೈಪಾಡ್ ಮೇಲೆ. ಬಟನ್ ಒತ್ತುವಾಗ ಅಲುಗಾಡದ ಹಾಗೆ ಎರಡು ಸೆಕೆಂಡಿನ ಟೈಮರ್ ಹಾಕುತ್ತೇನೆ.

ಕರೆಂಟು ಇದ್ದರೆ ಬಲ್ಬ್ ಆರಿಸಬೇಕು. ಬಲ್ಬಿನ ಹಳದಿ, ಮೋಡದ ನೀಲಿ ಎರಡೂ ಸೇರಿದರೆ ಬಣ್ಣ ಸರಿ ಮಾಡುವುದು ತಲೆನೋವು. ಬಲ್ಬಿನಲ್ಲೇ ತೆಗೆಯಬೇಕಾಗಿ ಬಂದರೆ ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸಿನದು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಅದಕ್ಕಿಂತ ವೇಗದ ಶಟರ್ ಇಟ್ಟರೆ ಚಿತ್ರದಲ್ಲಿ ಪಟ್ಟೆ ಬೀಳಬಹುದು.

ಈ ಜಾಗದಲ್ಲಿ ನಾನು ಜಾಸ್ತಿ ತೆಗೆದದ್ದು ಕೆಸುವಿನ ಎಲೆ. ಮೇಣದಂಥ ಮೈ, ನೀರು ಅಂಟುವುದಿಲ್ಲ, ಹನಿ ಗುಂಡಗೆ ಕೂರುತ್ತದೆ. ಸಣ್ಣದನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ನನ್ನ ಹತ್ತಿರ ಇಲ್ಲ. ಹಳೆಯ 50 ಎಂಎಂ ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ತಿರುಗುಮುರುಗಾಗಿ ಕೂರಿಸುತ್ತೇನೆ. ಕಿಂಡಿಯನ್ನು ಕೈಯಲ್ಲೇ ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗ್ ಇರುವ ಹಳೆಯ ಲೆನ್ಸೇ ಇದಕ್ಕೆ ಅನುಕೂಲ, ಕ್ಯಾಮೆರಾದ ಸಹಾಯ ಬೇಕಿಲ್ಲ. ಹೀಗೆ ಹಾಕಿದಾಗ ಫೋಕಸ್ ರಿಂಗ್ ತಿರುಗಿಸಿ ಪ್ರಯೋಜನವಿಲ್ಲ, ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ತಂತಿಯಿಂದ ಜೋತ ಹನಿಯ ಹಿಂದೆ ಒಂದು ದಾಸವಾಳ ಇಟ್ಟರೆ ಹನಿಯೊಳಗೆ ಹೂವು ತಲೆಕೆಳಗಾಗಿ ಕಾಣುತ್ತದೆ. ಹೂವು ಹತ್ತಿರ ಬಂದರೆ ಹನಿ ತುಂಬುತ್ತದೆ, ದೂರ ಹೋದರೆ ಚುಕ್ಕೆಯಾಗುತ್ತದೆ. ಇದರಲ್ಲೇ ಒಂದು ಮಧ್ಯಾಹ್ನ ಕಳೆಯುತ್ತದೆ. "ಎಂತ ಮಾರಾಯ, ಆ ಎಲೆಗೆ ಎಷ್ಟು ಫೋಟೋ? ಪತ್ರೊಡೆಗೆ ಬಿಡ್ತೀಯೋ ಇಲ್ವೋ?" ಅಂತ ಅಮ್ಮ ಕೇಳುವವರೆಗೂ.

ರಾತ್ರಿಯ ಕೆಲಸ ಜಗಲಿಯಲ್ಲಿ. ಬಲ್ಬಿನ ಪಕ್ಕ ಅದೇ ಪಂಚೆ ಕಟ್ಟಿಬಿಟ್ಟರೆ ಪತಂಗಗಳು ತಾವಾಗೇ ಬರುತ್ತವೆ. ರಾತ್ರಿ ಅವುಗಳ ಹಿಂದೆ ಓಡಬೇಡಿ. ಬೆಳಗಿನ ಚಳಿಗೆ ಅಲ್ಲೇ ಅಂಟಿಕೊಂಡು ಕೂತಿರುತ್ತವೆ, ಆಗ ನಿಧಾನವಾಗಿ ತೆಗೆಯಬಹುದು. ಹಕ್ಕಿಗಳು ಏಳುವ ಮೊದಲು ಹೋಗಬೇಕು ಅಷ್ಟೆ, ಇಲ್ಲದಿದ್ದರೆ ರೆಕ್ಕೆ ಮಾತ್ರ ಉಳಿದಿರುತ್ತದೆ. ಜೀವಿಗಳ ಫೋಟೋ ಹಂಚಿಕೊಳ್ಳುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕಿದರೆ ಹೆಸರು ಗುರುತಿಸಲು ಯಾರಾದರೂ ಸಿಗುತ್ತಾರೆ. ಜುಲೈ ಕೊನೆಗೆ ಪತಂಗ ಸಪ್ತಾಹವೂ ಇದೆ, 2012ರಿಂದ ನಡೆಯುತ್ತಿದೆ. ನಮ್ಮ ಬಿಡುವಿನ ಸಮಯಕ್ಕೇ ಬರುತ್ತದೆ.

ಮನೆಯಿಂದ ಏನು ಮಹಾ ತೆಗೆಯಬಹುದು ಅನ್ನುವವರು ಯೋಸೆಫ್ ಸುಡೆಕ್ ಚಿತ್ರಗಳನ್ನು ನೋಡಬೇಕು. ಚೆಕ್ ದೇಶದ ಫೋಟೋಗ್ರಾಫರ್. ಮೊದಲ ಮಹಾಯುದ್ಧದಲ್ಲಿ ಬಲಗೈ ಹೋಯಿತು. ನಾಜಿಗಳು ಪ್ರಾಗ್ ಹಿಡಿದಿದ್ದಾಗ ಶುರು ಮಾಡಿ, 1940ರಿಂದ 1954ರವರೆಗೆ ತಮ್ಮ ಸ್ಟುಡಿಯೊದ ಕಿಟಕಿಯನ್ನೇ ಮತ್ತೆ ಮತ್ತೆ ತೆಗೆದರು. ಮಂಜು ಕಟ್ಟಿದ ಗಾಜು, ಇಳಿಯುವ ನೀರು, ಆಚೆ ಒಂದು ಮರ. ನಮ್ಮ ಹಳೇ ಕಿಟಕಿಗೆ ಗಾಜೇ ಇಲ್ಲ, ಮರದ ಸರಳು. ಹಾಗಾಗಿ ನಾನು ಸೂರಿನ ನೀರು ತೆಗೆಯುತ್ತೇನೆ. ಹಿಂದೆ ಕತ್ತಲಾದ ಅಡಿಕೆ ತೋಟ ಇರಬೇಕು, ಆಗ ನೀರು ಬೆಳ್ಳಗೆ ಎದ್ದು ಕಾಣುತ್ತದೆ. ಶಟರ್ 1/1000 ಸೆಕೆಂಡಿಗೆ ಇಟ್ಟರೆ ಹನಿ ಹನಿಯಾಗಿ ನಿಲ್ಲುತ್ತದೆ, 1/30ಕ್ಕೆ ದಾರವಾಗುತ್ತದೆ. ನನಗೆ ದಾರವೇ ಇಷ್ಟ.

ಇಷ್ಟೆಲ್ಲ ಮಾಡಲು ಲೆನ್ಸ್ ಉಳಿಯಬೇಕಲ್ಲ. ಮಲೆನಾಡಿನಲ್ಲಿ ಲೆನ್ಸಿನ ಶತ್ರು ಬೂಷ್ಟು. ಕ್ಯಾಮೆರಾ ಬ್ಯಾಗಿನಲ್ಲಿಟ್ಟು ಬೀರುವಿಗೆ ಸೇರಿಸುವುದು ಅತಿ ಕೆಟ್ಟ ಅಭ್ಯಾಸ, ಬ್ಯಾಗಿನ ಬಟ್ಟೆಯೇ ತೇವ ಹಿಡಿದಿಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮೀಟರ್ ಸಾಕು. ಮೀಟರ್ ಶೇಕಡಾ 40ರಿಂದ 50ರ ಒಳಗಿದ್ದರೆ ನಿಶ್ಚಿಂತೆ. 60 ದಾಟಿ ಅಲ್ಲೇ ನಿಂತರೆ ಜೆಲ್ ಒಣಗಿಸಬೇಕು. ಜೆಲ್ಲಿನ ಕಿತ್ತಳೆ ಕಾಳು ಹಸಿರಾದರೆ ಅದೇ ಗುರುತು. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟರೆ ಬಣ್ಣ ತಿರುಗುತ್ತದೆ. ಅಕ್ಕಿಯಲ್ಲಿ ಹುಗಿದಿಡಿ ಅನ್ನುವವರ ಮಾತು ಕೇಳಬೇಡಿ, ಲೆನ್ಸಿನೊಳಗೆ ಹೋಗುವುದು ಅಕ್ಕಿ ಧೂಳು. ವಾರಕ್ಕೊಮ್ಮೆ ಸುಮ್ನೆ ಹೊರತೆಗೆದು ಬೆಳಕಿಗೆ ಹಿಡಿದು ನೋಡುವುದೂ ಒಳ್ಳೆಯದು.

ಹಾರ್ಡ್ ಡಿಸ್ಕ್ ವಿಂಗಡಿಸುವ ಕೆಲಸ ಬೇಜಾರಿನದು, ಮಳೆ ಜೋರಿರುವ ದಿನಕ್ಕೆ ಇಟ್ಟಿರುತ್ತೇನೆ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಶಿವಮೊಗ್ಗದ ಅಕ್ಕನ ಮನೆಯಲ್ಲಿ.

ದುಡ್ಡಿನ ಮಾತು ಬಿಟ್ಟೆ. ಪಕ್ಕದ ಮನೆಯ ಚಿಕ್ಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ವಾಟ್ಸಾಪಿನಲ್ಲಿ ಮಾರುತ್ತಾರೆ. ಅವರದೇ ಮೊಬೈಲ್ ಫೋಟೋದಲ್ಲಿ ಉಪ್ಪಿನಕಾಯಿ ಕಪ್ಪು ಮುದ್ದೆಯಾಗಿ ಕಾಣುತ್ತಿತ್ತು. ಗಾಜಿನ ಹಂಚಿನ ಕೆಳಗೆ ಅಡಿಕೆ ಹಾಳೆಯ ಮೇಲಿಟ್ಟು, ಬೆಳಕು ಹಿಂದಿನಿಂದ ಬರುವ ಹಾಗೆ ನಿಂತೆ. ಮಿಡಿಯ ಮೇಲಿನ ಖಾರ ಮಿಂಚಿತು. ಹಪ್ಪಳವನ್ನಂತೂ ಬೆಳಕಿಗೆ ಎದುರಾಗಿ ಎತ್ತಿ ಹಿಡಿಯಬೇಕು, ಆಗಲೇ ಅದರ ತೆಳುವು ಗೊತ್ತಾಗುವುದು. ಮೊದಲ ಸಲ ಕೂಲಿ ಒಂದು ಕಟ್ಟು ಹಪ್ಪಳ. ಅದನ್ನು ನೋಡಿ ಜೇನು ಮಾರುವವರು, ಹಾಳೆತಟ್ಟೆ ಮಾಡುವವರು ಕೇಳಿಕೊಂಡು ಬಂದರು. ಅವರ ಹತ್ತಿರ ರೇಟು ಮೊದಲೇ ಮಾತಾಡಿದೆ. ಚಿಕ್ಕಮ್ಮನಿಗೆ ಮಾತ್ರ ಈಗಲೂ ಹಪ್ಪಳದ ಲೆಕ್ಕವೇ.